ಕಯಾಕ್ ಮೀನುಗಾರಿಕೆಗೆ ದಡ ಆರಿಸಿಕೊಳ್ಳುವ ಬಗೆ: ನನ್ನ ಅನುಭವ

ಕಯಾಕ್ ಎಂಬ, ಹುಟ್ಟು ಹಾಕಿ ನಡೆಸುವ ಕಿರುದೋಣಿಯಲ್ಲಿ ಕುಳಿತು ಗಾಳ ಹಾಕಲು ಕಡಲಿಗಿಳಿಯಬೇಕೆಂದು ಬಯಸುವವರು ಸಾಮಾನ್ಯವಾಗಿ ನನ್ನನ್ನು ಮೊದಲು ಕೇಳುವುದು, ಮೀನು ಯಾವ ಕಡೆ ಚೆನ್ನಾಗಿ ಸಿಗುತ್ತದೆ ಎಂದು. ಉಡುಪಿ ಜಿಲ್ಲೆಯ ದಡಗಳಿಂದ ಹಲವು ವರ್ಷಗಳಿಂದ ಕಯಾಕ್ ಇಳಿಸುತ್ತಿರುವ ನಾನು ಯೋಚನೆಯನ್ನು ಇನ್ನೊಂದು ತುದಿಯಿಂದ ಆರಂಭಿಸುತ್ತೇನೆ. ಬೆಳಗಿನ ಹತ್ತೂವರೆಯ ಹೊತ್ತಿಗೆ, ತೋಳು ದಣಿದು, ಗಾಳಿ ಎದ್ದು, ಮೀನಿನ ತೂಕವೂ ಸೇರಿಕೊಂಡಿರುವಾಗ ಯಾವ ದಡಕ್ಕೆ ಮಗುಚಿಕೊಳ್ಳದೆ ಬರಬಹುದು ಎಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಮುಟ್ಟಬಹುದಾದ ದೂರದಲ್ಲಿ ಮೀನು ಹುಡುಕುತ್ತೇನೆ. ಹೋಗುವಾಗ ತೆರೆಯನ್ನು ಎದುರಿಗೆ ನೋಡುತ್ತಾ ಹೊತ್ತು ಕಾದು ನುಗ್ಗಬಹುದು. ಬರುವಾಗ ತೆರೆ ಬೆನ್ನಿಗಿರುತ್ತದೆ. ಹಿಂದಿನಿಂದ ಎತ್ತಿದ ತೆರೆ ಕಯಾಕನ್ನು ಅಡ್ಡ ತಿರುಗಿಸಿದರೆ ಉರುಳುವುದು ಕ್ಷಣದ ಕೆಲಸ. ಆ ಕಾರಣಕ್ಕೆ ಒಂದು ದಡದ ಯೋಗ್ಯತೆಯನ್ನು ನಾನು ಅಳೆಯುವುದು ಅದು ನಮ್ಮನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದರ ಮೇಲೆ.

ಹಿಂದಿನ ರಾತ್ರಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಾಗರ ಸ್ಥಿತಿ ಮುನ್ಸೂಚನೆಯನ್ನು ನೋಡುತ್ತೇನೆ. ಅದರಲ್ಲಿ ತೆರೆಯ ಎತ್ತರವೆಂದು ಕೊಡುವ ಅಂಕಿ ಅತ್ಯಂತ ದೊಡ್ಡ ತೆರೆಯದ್ದಲ್ಲ, ದೊಡ್ಡ ತೆರೆಗಳ ಸರಾಸರಿ. ಒಂದು ಮೀಟರ್ ಎಂದು ಬರೆದಿದ್ದ ದಿನ ನಡುನಡುವೆ ಅದರ ಹತ್ತಿರ ಹತ್ತಿರ ಎರಡರಷ್ಟು ಎತ್ತರದ ತೆರೆಯೂ ಬರಬಹುದು. ಹಲವರು ಗಮನಿಸದ ಇನ್ನೊಂದು ಅಂಕಿ ತೆರೆಯ ಅವಧಿ, ಅಂದರೆ ಒಂದು ತೆರೆಗೂ ಮುಂದಿನ ತೆರೆಗೂ ನಡುವಿನ ಸೆಕೆಂಡುಗಳು. ಎತ್ತರ ಒಂದೇ ಇದ್ದರೂ 14 ಸೆಕೆಂಡಿನ ತೆರೆ 7 ಸೆಕೆಂಡಿನ ತೆರೆಗಿಂತ ಸುಮಾರು ಎರಡು ಪಟ್ಟು ಶಕ್ತಿಯನ್ನು ಹೊತ್ತು ತರುತ್ತದೆ. ಇಂಥ ತೆರೆಗಳು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ದಾಟಿ ನೈರುತ್ಯದಿಂದ ನಮ್ಮ ದಡಕ್ಕೆ ಬರುವುದರಿಂದ, ಇಲ್ಲಿ ಎಲೆ ಅಲುಗದ ಮುಂಜಾವಿನಲ್ಲಿಯೂ ದಡದಲ್ಲಿ ಭಾರವಾಗಿ ಒಡೆಯುತ್ತವೆ. ಎತ್ತರ 0.8 ಮೀಟರ್ ದಾಟಿದ್ದರೆ ಅಥವಾ ಅವಧಿ 12 ಸೆಕೆಂಡಿಗಿಂತ ಹೆಚ್ಚಿದ್ದರೆ ನಾನು ತೆರೆದ ದಡವನ್ನು ಆ ದಿನದ ಮಟ್ಟಿಗೆ ಕೈಬಿಡುತ್ತೇನೆ. ಈ ಮಿತಿ ನನ್ನ ತೋಳಿಗೆ, ನನ್ನ ಹನ್ನೆರಡು ಅಡಿಯ ಕಯಾಕಿಗೆ ಹೊಂದಿಸಿಕೊಂಡದ್ದು. ಹೊಸಬರು ಇದಕ್ಕಿಂತ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು.

ಮುನ್ಸೂಚನೆ ಏನೇ ಹೇಳಲಿ, ದಡಕ್ಕೆ ಹೋದ ಮೇಲೆ ಕಯಾಕನ್ನು ಗಾಡಿಯಿಂದ ಇಳಿಸುವ ಮೊದಲು ಕನಿಷ್ಠ ಇಪ್ಪತ್ತು ನಿಮಿಷ ಸುಮ್ಮನೆ ನೋಡುತ್ತೇನೆ. ತೆರೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕಾರು ದೊಡ್ಡವು ಬಂದ ಮೇಲೆ ಕೆಲವು ನಿಮಿಷ ಬಿಡುವು ಸಿಗುತ್ತದೆ. ಐದೇ ನಿಮಿಷ ನೋಡಿದವರಿಗೆ ಆ ಬಿಡುವೇ ಕಡಲಿನ ನಿಜವಾದ ಸ್ಥಿತಿಯೆಂದು ಕಾಣಬಹುದು. ದಡ ಕಡಿದಾಗಿ ಇಳಿದಿದ್ದರೆ ತೆರೆ ಕೊನೆಯ ಗಳಿಗೆಯವರೆಗೂ ತಲೆ ಎತ್ತದೆ ಬಂದು ಮೊಣಕಾಲಷ್ಟು ನೀರಿನಲ್ಲಿ ಒಮ್ಮೆಲೇ ಎದ್ದು ಬೀಳುತ್ತದೆ, ಮತ್ತು ಹಿಂದೆ ಹರಿಯುವ ನೀರು ಕಾಲಡಿಯ ಮರಳನ್ನು ಕೊರೆದುಕೊಂಡು ಹೋಗುತ್ತದೆ. ಇಂಥ ಕಡೆ ಕಯಾಕಿನಿಂದ ಇಳಿದು ನಿಲ್ಲಲು ಸಮಯವೇ ಸಿಗುವುದಿಲ್ಲ. ಇಳಿಜಾರು ಸಾವಕಾಶವಾಗಿದ್ದರೆ ತೆರೆ ದೂರದಲ್ಲಿಯೇ ಒಡೆದು ನೊರೆಯಾಗಿ ಬರುತ್ತದೆ, ದಾಟಬೇಕಾದ ಸಾಲುಗಳು ಹೆಚ್ಚಾದರೂ ಪ್ರತಿಯೊಂದರ ಪೆಟ್ಟು ಕಡಿಮೆ. ನಡುವೆ ಎಲ್ಲಿಯಾದರೂ ತೆರೆ ಒಡೆಯದೆ ನೀರು ಕಪ್ಪಾಗಿ ಕಂಡು, ನೊರೆ ಹೊರಮುಖವಾಗಿ ಸರಿಯುತ್ತಿದ್ದರೆ ಅಲ್ಲಿ ನೀರು ಕಡಲಿಗೆ ಮರಳುತ್ತಿದೆ ಎಂದರ್ಥ. ಈಜುವವರಿಗೆ ಅಪಾಯಕಾರಿಯಾದ ಈ ಸೆಳೆತವನ್ನು ಹೊರಗೆ ಹೋಗುವಾಗ ಕಯಾಕಿಗೆ ದಾರಿಯಾಗಿ ಬಳಸಬಹುದು. ಒಳಗೆ ಬರುವಾಗ ಮಾತ್ರ ಅದರ ಪಕ್ಕದ, ತೆರೆ ಒಡೆಯುತ್ತಿರುವ ಜಾಗವನ್ನೇ ಹಿಡಿಯಬೇಕು. ಮಳೆಗಾಲದಲ್ಲಿ ದಡದ ಮರಳು ಒಳಗಡಲಿಗೆ ಸರಿದು ದಿಣ್ಣೆಯಾಗಿರುತ್ತದೆ, ಅದು ಮರಳಿ ದಡ ಸೇರಲು ತಿಂಗಳುಗಳು ಬೇಕು. ಹೀಗಾಗಿ ಕಳೆದ ಫೆಬ್ರವರಿಯಲ್ಲಿ ಸುಲಭವಾಗಿದ್ದ ದಡ ಈ ಅಕ್ಟೋಬರಿನಲ್ಲಿ ಹಾಗೆಯೇ ಇರುತ್ತದೆಂದು ನಾನು ಎಣಿಸುವುದಿಲ್ಲ.

ಹೊಸಬರನ್ನು ಅತಿ ಹೆಚ್ಚು ಸೆಳೆಯುವುದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಕೋಡಿ ಬೆಂಗ್ರೆಯಲ್ಲಿ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಕಿರಿದಾದ ನೆಲ. ಹೊಳೆಯ ಬದಿಯಲ್ಲಿ ತೆರೆಯಿಲ್ಲ, ಕಯಾಕ್ ಇಳಿಸುವುದು ಅತ್ಯಂತ ಸುಲಭ, ಸೀತಾ ಮತ್ತು ಸುವರ್ಣಾ ನದಿಗಳ ನೀರು ಕಡಲು ಸೇರುವ ಜಾಗವಾದ್ದರಿಂದ ಮೀನೂ ಇದೆ. ಕಷ್ಟವಿರುವುದು ಅಳಿವೆ ಬಾಗಿಲಿನಲ್ಲಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಬರುವ ತೆರೆ ಅದಕ್ಕೆ ತಾಗಿ ಒತ್ತೊತ್ತಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ, ಕೆಳಗೆ ಮರಳಿನ ದಿಣ್ಣೆ ಇದ್ದರಂತೂ ಅಲ್ಲಿಯೇ ಒಡೆಯುತ್ತದೆ. ಇಳಿತದ ಜೊತೆ ಹೊರಗೆ ಹೋಗುವುದು ಶ್ರಮವಿಲ್ಲದ ಕೆಲಸವೆಂದು ತೋರುತ್ತದೆ, ಆದರೆ ಅದೇ ಸೆಳೆತವನ್ನು ಎದುರಿಸಿ ಒಳಗೆ ಬರಲು ಪ್ಯಾಡಲ್‌ನ ವೇಗ ಸಾಲುವುದಿಲ್ಲ. ಆದ್ದರಿಂದ ಬಾಗಿಲು ದಾಟಲೇಬೇಕಾದ ದಿನ ಭರತ ಮುಗಿಯುತ್ತಾ ಬಂದು ನೀರು ನಿಂತಿರುವ ಹೊತ್ತನ್ನೇ ಆರಿಸುತ್ತೇನೆ, ಮರಳುವ ಹೊತ್ತೂ ಮುಂದಿನ ಭರತಕ್ಕೆ ಹೊಂದದಿದ್ದರೆ ಹೊಳೆಯೊಳಗೇ ಗಾಳ ಹಾಕುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಒಂದು ವಾರ ಮೊದಲೇ ಪಂಚಾಂಗ ನೋಡಿ ಯಾವ ಬೆಳಗ್ಗೆ ಯಾವ ದಡ ಎಂದು ಗುರುತು ಹಾಕಿಡಬಹುದು.

ನನಗೆ ಇಷ್ಟವಾದದ್ದು ನೈರುತ್ಯದ ತೆರೆಗೆ ಅಡ್ಡ ನಿಂತ ಬಂಡೆ ಅಥವಾ ಗುಡ್ಡದ ಉತ್ತರ ಮಗ್ಗುಲು. ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಯ ಬದಿಯಲ್ಲಿ ತೆರೆ ಸ್ವಲ್ಪ ಸವೆದು ಬರುತ್ತದೆ. ಅಲ್ಲಿ ನೀರಿನೊಳಗೂ ಪಾದೆಕಲ್ಲುಗಳಿರುವುದರಿಂದ ಮುರು, ಕೆಂಬೇರಿಯಂಥ ಮೀನಿನ ಆಸೆಯಿದೆ, ಕಯಾಕಿನ ತಳಕ್ಕೆ ಅಪಾಯವೂ ಇದೆ. ಪೂರ್ತಿ ಇಳಿತದ ಹೊತ್ತಿನಲ್ಲಿ ಒಮ್ಮೆ ಹೋಗಿ ಯಾವ ಕಲ್ಲು ಎಲ್ಲಿ ತಲೆ ಎತ್ತಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳದೆ ಅಲ್ಲಿ ಇಳಿಯುವುದು ಸರಿಯಲ್ಲ. ಉತ್ತರಕ್ಕೆ ದೂರ ಹೋಗಲು ಸಾಧ್ಯವಿರುವವರಿಗೆ ದ್ವೀಪಗಳ ಮರೆಯಿರುವ ಕಾರವಾರದ ಕೊಲ್ಲಿಯಷ್ಟು ಸೌಮ್ಯವಾದ ನೀರು ನಮ್ಮ ರಾಜ್ಯದಲ್ಲಿ ಅಪರೂಪ. ಅದರ ದಕ್ಷಿಣಕ್ಕೆ ನೌಕಾನೆಲೆ ಇರುವುದರಿಂದ ಆ ಕಡೆ ಮಾತ್ರ ಸುಳಿಯಬಾರದು. ಮರವಂತೆ ನೋಡಲು ಎಷ್ಟೇ ಚೆಲುವಾಗಿದ್ದರೂ ದಡದುದ್ದಕ್ಕೂ ಹಾಕಿರುವ ತಡೆಗೋಡೆಯ ಕಲ್ಲುಗಳಿಂದಾಗಿ ನಾನು ಅದನ್ನು ಪಟ್ಟಿಗೇ ಸೇರಿಸಿಲ್ಲ.

ಗಾಳಿಯ ಲೆಕ್ಕವೂ ದಡದ ಲೆಕ್ಕವೇ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ನೆಲದ ಕಡೆಯಿಂದ ಗಾಳಿ ಬೀಸಿ ದಡದ ನೀರನ್ನು ನಯವಾಗಿಸುತ್ತದೆ, ನಮಗೆ ತಿಳಿಯದಂತೆ ಕಯಾಕನ್ನು ಪಡುವಣಕ್ಕೆ ನೂಕುತ್ತಲೂ ಇರುತ್ತದೆ. ಹನ್ನೊಂದರ ಸುಮಾರಿಗೆ ಅದು ತಿರುಗಿ ಕಡಲ ಗಾಳಿಯಾಗುತ್ತದೆ. ಬೇಸಿಗೆ ಹತ್ತಿರವಾದಂತೆ ವಾಯವ್ಯದ ಈ ಗಾಳಿ ಬೇಗ ಎದ್ದು ಜೋರಾಗುತ್ತದೆ. ಹಾಗಾಗಿ ದಡ ಬಿಟ್ಟ ಕೂಡಲೇ ಉತ್ತರಕ್ಕೆ ಹೋಗಿ, ಗಾಳಿ ಬೆನ್ನಿಗೆ ಬರುವಾಗ ದಕ್ಷಿಣಕ್ಕೆ ಮರಳುವಂತೆ ಯೋಜಿಸುತ್ತೇನೆ, ದಡದಿಂದ ಎರಡು ಕಿಲೋಮೀಟರಿಗಿಂತ ಆಚೆ ಹೋಗುವುದಿಲ್ಲ.

ದಡವೆಂದರೆ ಅಲ್ಲಿ ಬದುಕುವ ಜನವೂ ಹೌದು. ಮೀನುಗಾರರಾದ ಮೊಗವೀರರು ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಬಿಟ್ಟಿರುವ ದಡದಲ್ಲಿ, ಅವರು ಎಳೆದು ಮುಗಿಸುವವರೆಗೆ ನಾನು ಕಯಾಕ್ ಇಳಿಸುವುದಿಲ್ಲ. ಅವರ ಒಂದು ದಿನದ ದುಡಿಮೆಗೆ ನಮ್ಮ ಹವ್ಯಾಸ ಅಡ್ಡಿಯಾಗಬಾರದು. ಒಂದು ಊರಿನ ದಡವನ್ನು ಮೊದಲ ಸಲ ಬಳಸುವಾಗ ನಾಡದೋಣಿಯ ಹಿರಿಯರನ್ನು ಕೇಳಿ, ಒಪ್ಪಿಗೆ ಪಡೆದೇ ಇಳಿಯುತ್ತೇನೆ. ಮರಳು ದಿಣ್ಣೆ ಈ ವರ್ಷ ಎಲ್ಲಿ ಕೂತಿದೆ, ಕಂತುಬಲೆ ಎಲ್ಲಿ ಹಾಕಿದ್ದಾರೆ ಎಂಬುದನ್ನು ಯಾವ ನಕ್ಷೆಯೂ ಅವರಷ್ಟು ಸರಿಯಾಗಿ ಹೇಳುವುದಿಲ್ಲ. ಮಲ್ಪೆ ಬಂದರಿನ ಬಾಗಿಲಲ್ಲಿ ಟ್ರಾಲ್ ಬೋಟುಗಳ ಸಂಚಾರ ಹೆಚ್ಚಿರುವುದರಿಂದ ನೀರಿನ ಮಟ್ಟದಲ್ಲಿ ಕುಳಿತ ನಾವು ಅವರ ಕಣ್ಣಿಗೆ ಬೀಳುವುದು ಕಷ್ಟ. ಸ್ವಚ್ಛತೆ, ಸುರಕ್ಷತೆಗಾಗಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿಯಂಥ ಕಡಲತೀರದಲ್ಲಿ ಈಜುವವರಿಗೆ ಬಿಟ್ಟಿರುವ ಭಾಗವನ್ನು ದೂರವಿಡಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳನ್ನು ಕುರಿತದ್ದಾದರೂ, ಆ ತಿಂಗಳುಗಳ ಕಡಲು ಕಯಾಕಿಗೆ ಸೇರಿದ್ದಲ್ಲ.

ಇಷ್ಟೆಲ್ಲ ನೋಡಿ ಒಂದು ದಡ ಒಪ್ಪಿಗೆಯಾದ ಮೇಲೂ ಅದರ ದಕ್ಷಿಣಕ್ಕೆ ಇನ್ನೊಂದು ದಡವನ್ನು ಗೊತ್ತುಮಾಡದೆ ನಾನು ಹೊರಡುವುದಿಲ್ಲ. ಕಾಪುವಿನಿಂದ ಹೋದ ದಿನ ಗಾಳಿ ಬೇಗ ಎದ್ದರೆ ಉಚ್ಚಿಲ, ಎರ್ಮಾಳಿನ ಕಡೆ ಬರಬೇಕಾಗಬಹುದು, ಅಲ್ಲಿ ಅಲ್ಲಲ್ಲಿ ತಡೆಗೋಡೆ ಇರುವುದರಿಂದ ಮರಳು ಬಿಟ್ಟಿರುವ ತೆರಪು ಎಲ್ಲಿದೆ ಎಂದು ಮೊದಲೇ ನಡೆದು ನೋಡಿಟ್ಟಿರಬೇಕು. ಕಡಲಿನಿಂದ ಕಂಡರೆ ತೆಂಗಿನ ಸಾಲೆಲ್ಲ ಒಂದೇ ತರಹ ಇರುತ್ತದೆ. ಆ ತೆರಪಿನ ನೇರಕ್ಕೆ ಹಿಂದೆ ಕಾಣುವ ಮೊಬೈಲ್ ಟವರನ್ನೋ ಗೋಪುರವನ್ನೋ ಗುರುತಿಟ್ಟುಕೊಳ್ಳುತ್ತೇನೆ. ಈ ಎರಡೂ ದಡಗಳ ಹೆಸರನ್ನು, ಮರಳುವ ಹೊತ್ತನ್ನು ಮನೆಯಲ್ಲಿ ಬರೆದಿಟ್ಟು, ಆ ಹೊತ್ತು ಮೀರಿದರೆ ಕರಾವಳಿ ಕಾವಲು ಪೊಲೀಸರ 1093ಕ್ಕೋ ಕೋಸ್ಟ್ ಗಾರ್ಡ್‌ನ 1554ಕ್ಕೋ ಕರೆ ಮಾಡಬೇಕೆಂದು ಹೇಳಿ ಹೊರಡುತ್ತೇನೆ.