ಹಳೇ ಪಿಕಪ್ಪಿನ ‘ಟಕ್’ ಸದ್ದು: ಮೂಲ ಹುಡುಕುವುದು ಹೇಗೆ? ಸರಿ ಮಾಡುವುದು ಹೇಗೆ?

ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆ ಯಾವ ತೋಟಕ್ಕೆ ಹೋದರೂ ಹತ್ತು ಹದಿನೈದು ವರ್ಷ ದುಡಿದ ಪಿಕಪ್ ಒಂದಾದರೂ ಇದ್ದೇ ಇರುತ್ತದೆ. ಗೊಬ್ಬರ, ಮರದ ತುಂಡು, 50 ಕೆ.ಜಿ. ಕಾಫಿ ಚೀಲ ಎಲ್ಲವನ್ನೂ ಹೊತ್ತು, ಮಳೆಗಾಲ ಪೂರ್ತಿ ಕೆಸರು, ಹಳ್ಳದ ನೀರಿನಲ್ಲೇ ಓಡಾಡಿದ ಗಾಡಿ. ಒಂದು ದಿನ ಏರಿನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ ‘ಟಕ್’ ಎನ್ನುತ್ತದೆ. ರಿವರ್ಸ್ ಹಾಕಿದರೆ ಮತ್ತೊಮ್ಮೆ ‘ಟಕ್’. ‘ಹೌಸಿಂಗ್ ಹೋಗಿರಬೇಕು’ ಎಂದು ಯಾರೋ ಹೇಳುತ್ತಾರೆ. ಅಲ್ಲಿಂದ ಖರ್ಚು ಶುರು.

ಹೌಸಿಂಗಿಗೆ (ಹಿಂದಿನ ಚಕ್ರಗಳ ನಡುವೆ ಗೇರುಗಳಿರುವ ಗುಂಡನೆಯ ಕವಚ) ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಎಂಜಿನ್ನಿನ ಎಳೆತ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದ ಕೊಳವೆ), ಅದರ ತುದಿಗಳಲ್ಲಿ ಓರೆಯಾಗಿಯೂ ತಿರುಗಲು ಬಿಡುವ ಪ್ಲಸ್ ಆಕಾರದ ಕ್ರಾಸ್‌ಗಳು, ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ ಗೇರುಗಳು, ಆಕ್ಸೆಲ್ ದಾಟಿ ಚಕ್ರಕ್ಕೆ ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿ ಸವೆದು ಪ್ಲೇ (ಸಡಿಲ ಅಲುಗಾಟ) ಬಂದಿದೆಯೋ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಸದ್ದು ಶಾಫ್ಟಿನ ಉದ್ದಕ್ಕೂ ಹರಿಯುವುದರಿಂದ ಸೀಟಿನಲ್ಲಿ ಕೂತವರಿಗೆ ಜಾಗ ಗೊತ್ತಾಗುವುದಿಲ್ಲ. ಕಿವಿಯಿಂದ ಅಂದಾಜು ಮಾಡಿ, ಕೈಯಿಂದ ಅಲುಗಾಡಿಸಿ ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಪಾನರ್ ಹಿಡಿಯಿರಿ.

ಮೊದಲು ಓಡಿಸಿ ಕೇಳಿ

ಬಾಡಿಯಲ್ಲಿರುವ ಜಾಕಿ, ಸರಪಳಿ, ಸ್ಟೆಪ್ನಿ ಎಲ್ಲ ಇಳಿಸಿಬಿಡಿ. ಗಾಜು ಇಳಿಸಿ ಓಡಿಸಿ. ಹೊರಡುವಾಗ, ಅಥವಾ ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಒಂದೇ ಪೆಟ್ಟು ಕೇಳಿಸಿದರೆ ಕ್ರಾಸ್, ಸ್ಲಿಪ್ ಜಾಯಿಂಟ್ (ಶಾಫ್ಟಿನ ಉದ್ದ ಹೆಚ್ಚು ಕಡಿಮೆಯಾಗಲು ಬಿಡುವ ಹಲ್ಲಿನ ಜೋಡಣೆ) ಅಥವಾ ಆಕ್ಸೆಲ್ ಹಿಡಿದಿಡುವ ಸ್ಪ್ರಿಂಗ್ ಪ್ಲೇಟ್‌ಗಳ ಯು-ಬೋಲ್ಟ್ ಮೇಲೆ ಅನುಮಾನವಿರಲಿ. ನಿಧಾನಕ್ಕೆ ಹೋಗುವಾಗ ತಾಳ ಹಾಕಿದ ಹಾಗೆ ‘ಕಿಚ್ ಕಿಚ್’ ಎಂದರೆ ಗ್ರೀಸ್ ಒಣಗಿದ ಕ್ರಾಸ್ ಇರಬಹುದು. ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಹಾಗಾಗಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕೈದು ಸಲ ಕೇಳಿಸಿದ ಸದ್ದು ಶಾಫ್ಟಿನದು, ಒಂದೇ ಸಲ ಕೇಳಿಸಿದ್ದು ಚಕ್ರ ಇಲ್ಲವೇ ಬ್ರೇಕ್ ಡ್ರಮ್ಮಿನದು. ವೇಗ ಏರಿದಂತೆ ‘ಗುಂಯ್’ ಎಂದು ತಾನೂ ಏರುವ ಸದ್ದು ಕ್ರೌನ್-ಪಿನಿಯನ್ ಅಥವಾ ಬೇರಿಂಗ್ ಕಡೆಯದು. ಹೊಂಡಕ್ಕೆ ಇಳಿದಾಗ ಮಾತ್ರ ಬಡಿದರೆ ಶಾಕಲ್ ಬುಷ್ (ಸ್ಪ್ರಿಂಗ್ ಪ್ಲೇಟಿನ ತುದಿಯ ಬುಷ್), ಶಾಕ್ ಅಬ್ಸಾರ್ಬರ್ ನೋಡಿ.

ಅಡಿಗೆ ನುಗ್ಗುವ ಮುನ್ನ

ಮಲೆನಾಡಿನಲ್ಲಿ ಮಟ್ಟಸ ಜಾಗ ಸಿಗುವುದೇ ಕಷ್ಟ. ಕಾಫಿ ಒಣಗಿಸುವ ಕಣ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಮಳೆ ಬಿಟ್ಟ ಮೇಲೆ, ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಕಣ ಖಾಲಿ ಇರುವಾಗಲೇ ಮುಗಿಸಿಕೊಳ್ಳಿ. ಆದರೆ ಟಾರ್ಪಾಲು ಹಾಸದೆ ಒಂದು ನಟ್ಟನ್ನೂ ಸಡಿಲಿಸಬೇಡಿ. ಗೇರ್ ಆಯಿಲ್ ಕಾಂಕ್ರೀಟಿಗೆ ಇಳಿದರೆ ಅದರ ವಾಸನೆ ಮೇಲೆ ಹರಡಿದ ಕಾಫಿಗೆ ಹತ್ತುತ್ತದೆ.

ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡಿ. ‘ಗೇರಿನಲ್ಲಿ ಬಿಟ್ಟಿದ್ದೇನೆ, ಗಾಡಿ ಜಾರುವುದಿಲ್ಲ’ ಎಂಬ ಧೈರ್ಯ ಬೇಡವೇ ಬೇಡ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಅದನ್ನು ಸುಮ್ಮನೆ ತಿರುಗಲು ಬಿಡುತ್ತದೆ, ಗೇರಿನ ಹಿಡಿತ ತಪ್ಪುತ್ತದೆ. ಶಾಫ್ಟ್ ಕಳಚಿದ ಮೇಲಂತೂ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಹಳೆಯ ಕೆಲವು ಜೀಪ್ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಶಾಫ್ಟನ್ನೇ ಹಿಡಿಯುತ್ತದೆ, ಅದೂ ನೆರವಿಗೆ ಬಾರದು. ಜಾಕಿ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಆಕ್ಸೆಲ್ ಕೆಳಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಅಡಿಗೆ ಹೋಗಿ.

ಕೈಯಿಂದ ಹಿಡಿದು ನೋಡಿ

ಮೊದಲ ತಪಾಸಣೆಗೆ ಜಾಕಿ ಬೇಕಿಲ್ಲ, ಪಿಕಪ್ಪಿನ ಎತ್ತರವೇ ಸಾಕು. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಕ್ರಾಸ್‌ನ ಒಂದು ಬದಿಯ ಯೋಕನ್ನು (ಕ್ರಾಸ್ ಹಿಡಿದಿರುವ ಕವಲು) ಎಡಗೈಯಲ್ಲಿ, ಇನ್ನೊಂದು ಬದಿಯದನ್ನು ಬಲಗೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಆಮೇಲೆ ಮೇಲೆ ಕೆಳಗೆ ಒತ್ತಿ. ಒಳ್ಳೆಯ ಕ್ರಾಸ್‌ನಲ್ಲಿ ಕೂದಲೆಳೆಯಷ್ಟೂ ಪ್ಲೇ ಇರಬಾರದು. ಟಾರ್ಚ್ ಹಿಡಿದು ಕ್ರಾಸ್‌ನ ನಾಲ್ಕೂ ತುದಿಯ ಕಪ್‌ಗಳ ಅಂಚು ನೋಡಿ: ಸೀಲಿನ ಸುತ್ತ ನುಣ್ಣಗಿನ ಕೆಂಪು ಪುಡಿ ಕೂತಿದ್ದರೆ ಒಳಗಿನ ಸೂಜಿ ಬೇರಿಂಗುಗಳಿಗೆ ನೀರು ಹೋಗಿ ತುಕ್ಕು ಹಿಡಿದಿದೆ ಎಂದೇ ಅರ್ಥ. ಅಂಥ ಕ್ರಾಸ್‌ಗೆ ಗ್ರೀಸ್ ಹೊಡೆದರೆ ನಾಲ್ಕು ದಿನ ಸದ್ದು ಅಡಗೀತು, ಸವೆದದ್ದು ಮರಳಿ ಬಾರದು.

ಸ್ಲಿಪ್ ಜಾಯಿಂಟಿನ ಹಲ್ಲುಗಳಲ್ಲಿ ಅತಿ ಸ್ವಲ್ಪ ಪ್ಲೇ ಇದ್ದರೆ ಗಾಬರಿ ಬೇಡ, ಗ್ರೀಸ್ ಕೊಟ್ಟು ಓಡಿಸಿ ನೋಡಿ. ಬ್ರೇಕ್ ಹಾಕಿ ನಿಲ್ಲಿಸಿ ಮತ್ತೆ ಹೊರಟಾಗ ಬರುವ ಪೆಟ್ಟು ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ. ಶಾಫ್ಟ್ ಎರಡು ತುಂಡಿನದಾಗಿದ್ದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಿ.

ಯು-ಬೋಲ್ಟ್‌ಗಳನ್ನು ಜನ ಮರೆಯುತ್ತಾರೆ, ನನ್ನ ಪ್ರಕಾರ ಅದೇ ದೊಡ್ಡ ತಪ್ಪು. ಭಾರ ಹೊತ್ತು ಹೊತ್ತು ಪ್ಲೇಟ್‌ಗಳು ಕೂತಂತೆ ಅವು ಸಡಿಲವಾಗುತ್ತವೆ. ಆಗ ಪ್ರತಿ ಎಳೆತಕ್ಕೂ ಆಕ್ಸೆಲ್ ಚೂರು ಹೊರಳಿ ಬಡಿಯುತ್ತದೆ. ಪ್ಲೇಟ್ ಕೂರುವ ಜಾಗದಲ್ಲಿ ತುಕ್ಕಿನ ನಡುವೆ ಹೊಳೆಯುವ ಗೆರೆ ಕಂಡರೆ ಅಲ್ಲಿ ಉಜ್ಜಾಟ ನಡೆದಿದೆ. ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿಲ್ಲ ಎಂದು ನೋಡಿಕೊಂಡು, ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಬಿಗಿ ಮಾಡಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ನೋಡಲು ಇನ್ನೊಬ್ಬರು ಬೇಕು. ಅವರು ಎಂಜಿನ್ ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಸ್ವಲ್ಪವೇ ಬಿಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಎಂಜಿನ್ ಒಂದು ಕಡೆಗೆ ಎದ್ದು ಕೂತರೆ ಮೌಂಟಿಂಗಿನ ರಬ್ಬರ್ ಹೋಗಿದೆ.

ಕ್ರಾಸ್ ಬದಲಿಸುವುದು

ಈಗ ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಶಾಫ್ಟ್ ತಿರುಗಿಸಿ ಬೋಲ್ಟುಗಳನ್ನು ಎದುರಿಗೆ ತಂದುಕೊಳ್ಳಬಹುದು. ಬಿಚ್ಚುವ ಮೊದಲು ಬಿಳಿ ಪೇಂಟಿನಿಂದ ಗುರುತು ಹಾಕಿ: ಫ್ಲಾಂಜಿನ (ಬೋಲ್ಟು ಹಾಕಿ ಜೋಡಿಸುವ ತಟ್ಟೆ) ಎರಡೂ ಭಾಗಕ್ಕೆ ಒಂದು, ಸ್ಲಿಪ್ ಜಾಯಿಂಟಿನ ಎರಡೂ ಭಾಗಕ್ಕೆ ಇನ್ನೊಂದು. ಜೋಡಿಸುವಾಗ ಸ್ಲಿಪ್ ಜಾಯಿಂಟ್ ಹಲ್ಲು ತಪ್ಪಿ ಕೂತರೆ ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದೇ ಸಮಕ್ಕೆ ಬರುವುದಿಲ್ಲ. ‘ಟಕ್’ ಹೋಗಿ ನಡುಕ ಬರುತ್ತದೆ.

ಬೋಲ್ಟು ಬಿಚ್ಚಿ ಕಳಚಿದ ಶಾಫ್ಟನ್ನು ವೈಸ್‌ಗೆ ಕೊಟ್ಟು ನಾಲ್ಕೂ ಲಾಕ್ (ಕಪ್ ಹಿಡಿದಿಡುವ ರಿಂಗ್) ತೆಗೆಯಿರಿ. ಕಪ್ಪಿಗಿಂತ ಸಣ್ಣ ಸಾಕೆಟ್ ಒಂದು ಬದಿಗೆ, ಕಪ್ ಒಳಗೆ ಹೋಗುವಷ್ಟು ದೊಡ್ಡದು ಇನ್ನೊಂದು ಬದಿಗೆ ಇಟ್ಟು ವೈಸ್ ಬಿಗಿದರೆ ಕಪ್ ಹೊರಗೆ ಬರುತ್ತದೆ. ಸುತ್ತಿಗೆಯಿಂದ ಬಡಿದರೆ ಯೋಕ್ ಬಾಗಬಹುದು. ಕಪ್ ಕೂರುವ ಯೋಕ್ ಕಿವಿಗಳ ಒಳಮೈ ಒರೆಸಿ ನೋಡಿ. ಹೊಸ ಕಪ್ ಬೆರಳಿನಿಂದ ಒತ್ತಿದರೇ ಸಲೀಸಾಗಿ ಒಳಗೆ ಹೋದರೆ ಯೋಕ್ ಸವೆದಿದೆ, ಅದನ್ನೂ ಬದಲಿಸಬೇಕು.

ಹೊಸ ಕಪ್ಪಿನ ಸೂಜಿಗಳು ಗ್ರೀಸಿನಲ್ಲಿ ಅಂಟಿಕೊಂಡಿರಲಿ, ನೇರ ನಿಂತಿರಲಿ. ಒತ್ತುವಾಗ ಒಂದು ಸೂಜಿ ಅಡ್ಡ ಬಿದ್ದರೂ ಕಪ್ ಪೂರ್ತಿ ಕೂರುವುದಿಲ್ಲ, ಲಾಕ್ ತನ್ನ ತೋಡಿನಲ್ಲಿ ಕೂರುವುದಿಲ್ಲ. ಆಗ ಬಲ ಹಾಕದೆ ಕಪ್ ಹೊರಗೆ ತೆಗೆದು ಸೂಜಿ ಸರಿಮಾಡಿ. ಗ್ರೀಸ್ ನಿಪ್ಪಲ್ ಗನ್ ತಾಗುವ ಕಡೆ ಇರಲಿ. ಜೋಡಿಸಿದ ಮೇಲೆ ಕ್ರಾಸ್ ಎರಡೂ ದಿಕ್ಕಿಗೆ ಕೈಯಲ್ಲೇ ಸಲೀಸಾಗಿ ಆಡಬೇಕು. ಕೊನೆಗೆ ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಹೊಡೆಯಿರಿ. ಫ್ಲಾಂಜಿಗೆ ಹೊಸ ಲಾಕ್ ನಟ್ಟುಗಳನ್ನೇ ಹಾಕಿ.

ಹೌಸಿಂಗ್ ಬಗ್ಗೆ

ಪಿನಿಯನ್ ಫ್ಲಾಂಜನ್ನು ಹಿಂದೆ ಮುಂದೆ ತಿರುಗಿಸಿದಾಗ ಸ್ವಲ್ಪ ಪ್ಲೇ ಇರುವುದು ಸಹಜ. ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಬೇರಿಂಗ್ ಹೋಗಿದೆ. ಆಗ ನಟ್ ಬಿಗಿ ಮಾಡಿ ಪ್ಲೇ ಕಳೆಯುವ ಸಾಹಸ ಬೇಡ. ಹಲವು ಗಾಡಿಗಳಲ್ಲಿ ಆ ಬಿಗಿತವನ್ನು ಒಳಗಿನ ಒಂದು ಸ್ಲೀವ್ (ಲೋಹದ ಕೊಳವೆ) ಅಳತೆಗೆ ಸರಿಯಾಗಿ ನಜ್ಜಿ ಹಿಡಿದಿರುತ್ತದೆ. ಹೆಚ್ಚು ಬಿಗಿದರೆ ಬೇರಿಂಗ್ ಬಿಸಿಯಾಗಿ ಸುಡುತ್ತದೆ.

ಆಯಿಲ್ ನೋಡುವಾಗ ತುಂಬುವ ಪ್ಲಗ್ಗನ್ನು ಮೊದಲು ಸಡಿಲಿಸಿ. ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ತುಂಬುವ ದಾರಿಯೇ ಇರುವುದಿಲ್ಲ. ಆಯಿಲ್‌ನೊಂದಿಗೆ ಬರುವ ನುಣ್ಣನೆಯ ಬೂದು ಮಸಿ ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿರಬಹುದು. ಆ ಕೆಲಸ ಅಳತೆ ಉಪಕರಣ ಇರುವ ವರ್ಕ್‌ಶಾಪಿನದು. ಆಯಿಲ್ ಹಾಲು ಬಿಳಿಯಾಗಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ, ಕೂಡಲೇ ಬದಲಿಸಿ.

ಪ್ಲೇ ಇರುವ ಕ್ರಾಸ್ ಇಟ್ಟುಕೊಂಡು ಲೋಡ್ ಹಾಕಿ ಚಾರ್ಮಾಡಿ ಘಾಟಿ ಇಳಿಯಬೇಡಿ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ಕಳಚಿ ರಸ್ತೆಗೆ ನಾಟಬಹುದು. ರಿಪೇರಿಯಾದ ಮೇಲೆ ನೂರಿನ್ನೂರು ಕಿಲೋಮೀಟರ್ ಓಡಿಸಿ ಫ್ಲಾಂಜ್ ಬೋಲ್ಟ್, ಯು-ಬೋಲ್ಟ್ ಎರಡನ್ನೂ ಮತ್ತೊಮ್ಮೆ ಬಿಗಿ ನೋಡಿ. ಮಳೆಗಾಲದಲ್ಲಿ ಹಳ್ಳ ದಾಟಿಸಿದಾಗ, ಪ್ರೆಶರ್ ನೀರಿನಲ್ಲಿ ಸರ್ವೀಸ್ ಮಾಡಿಸಿದಾಗ ಆಯಾ ದಿನವೇ ಗ್ರೀಸ್ ಹೊಡೆಸಿ.