ನಿಮ್ಮ ಎಮ್ಮೆಲ್ಲೆ ಕೈಲಿ ಸದನದಲ್ಲಿ ಪ್ರಶ್ನೆ ಕೇಳಿಸೋದು ಹೇಗೆ

ನಾವು ಎಮ್ಮೆಲ್ಲೆ ಹತ್ರ ಯಾವಾಗ ಹೋಗ್ತೀವಿ ಹೇಳಿ? ಟ್ರಾನ್ಸ್‌ಫರ್‌ಗೆ, ಸೀಟಿಗೆ ಶಿಫಾರಸು ಪತ್ರ ಬೇಕಾದಾಗ, ಸಮುದಾಯ ಭವನಕ್ಕೆ ಅನುದಾನ ಕೇಳೋಕೆ, ಇಲ್ಲಾ ಮದುವೆ ಕಾರ್ಡ್ ಕೊಡೋಕೆ. ಹೋಗಬಾರದು ಅಂತಲ್ಲ. ಆದ್ರೆ ನಮಗ್ಯಾರಿಗೂ ಇಲ್ಲದ ಒಂದು ಅಧಿಕಾರ ಶಾಸಕರಿಗಿದೆ, ಮಂತ್ರಿಗೆ ಸದನದಲ್ಲಿ ಪ್ರಶ್ನೆ ಹಾಕಿ ಉತ್ತರ ತಗೊಳ್ಳೋದು, ಅದನ್ನ ನಮ್ಮೂರಿಗೋಸ್ಕರ ಬಳಸಿ ಅಂತ ಕೇಳೋರು ತುಂಬಾ ಕಮ್ಮಿ. ಕೇಳಿದ್ರೆ ಬಹಳಷ್ಟು ಶಾಸಕರು ಒಪ್ತಾರೆ, ಯಾಕಂದ್ರೆ ಅವ್ರಿಗೂ ಅಧಿವೇಶನಕ್ಕೆ ಒಳ್ಳೆ ಪ್ರಶ್ನೆ ಬೇಕಾಗಿರುತ್ತೆ. ಅದನ್ನ ಹೇಗೆ ಮಾಡೋದು ಅಂತ ಇಲ್ಲಿ ಬರೀತೀನಿ.

ಮೊದಲು ಒಂದೇ ಒಂದು ಸಮಸ್ಯೆ ಹಿಡ್ಕೊಳ್ಳಿ. ರಸ್ತೆ, ಬಸ್ಸು, ಶಾಲೆ, ಆಸ್ಪತ್ರೆ ಎಲ್ಲಾ ಒಂದೇ ಅರ್ಜೀಲಿ ತುರುಕಿದ್ರೆ ಅದು ಯಾವ ಇಲಾಖೆಗೂ ಸರಿಯಾಗಿ ಹೋಗಲ್ಲ. ಆಮೇಲೆ ಅದು ರಾಜ್ಯ ಸರ್ಕಾರದ ಕೈಲಿರೋ ವಿಷಯಾನಾ ನೋಡ್ಕೊಳ್ಳಿ, ರೈಲ್ವೆ ಗೇಟು, ನ್ಯಾಷನಲ್ ಹೈವೇ, ಪಾಸ್‌ಪೋರ್ಟು ಇಂಥದ್ದಕ್ಕೆ ಎಂಪಿ ಹತ್ರ ಹೋಗ್ಬೇಕು. ಕೋರ್ಟಲ್ಲಿರೋ ಕೇಸಿನ ಬಗ್ಗೆನೂ ಪ್ರಶ್ನೆ ನಡೆಯಲ್ಲ.

ಉದಾಹರಣೆಗೆ ಶುದ್ಧ ಕುಡಿಯುವ ನೀರಿನ ಘಟಕ ತಗೊಳ್ಳೋಣ, ಊರಲ್ಲಿ ಎಲ್ರೂ ಫಿಲ್ಟರ್ ನೀರು ಅಂತಾರಲ್ಲ, ಅದು. ಪಾವಗಡದಂಥ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಬೇರೆ ನೀರಿನ ಮೂಲನೇ ಇಲ್ಲದಿದ್ರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತೆ, ವರ್ಷಗಟ್ಲೆ ಅಂಥ ನೀರು ಕುಡಿದ್ರೆ ಮಕ್ಕಳ ಹಲ್ಲು ಕಂದು ಬಣ್ಣ ತಿರುಗುತ್ತೆ, ದೊಡ್ಡೋರಿಗೆ ಮಂಡಿ ಬೆನ್ನು ಹಿಡ್ಕೊಳ್ಳುತ್ತೆ. ಅಂಥ ಊರಲ್ಲಿ ಘಟಕ ಕೆಟ್ಟು ಬೀಗ ಬಿದ್ರೆ ಅದು ಸಣ್ಣ ವಿಷಯ ಅಲ್ಲವೇ ಅಲ್ಲ, ಅದಕ್ಕೆ ಉತ್ತರ ಕೊಡ್ಬೇಕಾದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು.

ಈಗ ಕಾಗದ ಪತ್ರ. ಇದನ್ನ ಬಿಟ್ಟು ನೇರ ಎಮ್ಮೆಲ್ಲೆ ಮನೆಗೆ ಹೋಗ್ಬೇಡಿ, "ಪಿಡಿಓಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಫೋನ್ ಮಾಡಿ ಹೇಳ್ತೀನಿ" ಅಂತಾರೆ, ಅಲ್ಲಿಗೆ ಮುಗೀತು. ಪಂಚಾಯ್ತಿಗೆ ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿಸಿದ ಸ್ವೀಕೃತಿ ಇಟ್ಕೊಳ್ಳಿ. 1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದಲ್ಲಿ ದೂರು ದಾಖಲಿಸಿ ನಂಬರ್ ಬರ್ಕೊಳ್ಳಿ. ಆಮೇಲೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ: ಘಟಕ ಹಾಕಿದ್ದು ಯಾವಾಗ, ಖರ್ಚೆಷ್ಟು, ನಿರ್ವಹಣೆ ಯಾರಿಗೆ ವಹಿಸಿದ್ದಾರೆ, ಕೊನೇ ಸಲ ನೀರು ಟೆಸ್ಟ್ ಮಾಡಿದ್ದು ಯಾವತ್ತು. ಫೀಸ್ 10 ರೂಪಾಯಿ, ಬಿಪಿಎಲ್‌ನೋರಿಗೆ ಅದೂ ಇಲ್ಲ, ಉತ್ತರ ಕೊಡೋಕೆ 30 ದಿನ ಟೈಮ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಇದನ್ನ ಮರೆತ್ರೆ ಅದೇ ಕಾರಣ ಕೊಟ್ಟು ವಾಪಸ್ ಕಳಿಸ್ತಾರೆ. ನಿಮ್ಮದು ಜಾತಿ ಪ್ರಮಾಣಪತ್ರದಂಥ ವಿಷಯ ಆದ್ರೆ ಸರ್ಕಾರಿ ಸೇವೆ ಗಡುವಿನೊಳಗೆ ಕೊಡ್ಬೇಕು ಅನ್ನೋ ಸಕಾಲ ಕಾಯ್ದೆಯಡಿ ಅರ್ಜಿಗೆ ಸಿಗೋ 15 ಅಂಕಿಯ ಜಿಎಸ್‌ಸಿ ನಂಬರ್ ಇಟ್ಕೊಳ್ಳಿ, ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳೋ ಹಕ್ಕು ಆ ಕಾಯ್ದೆಯಲ್ಲೇ ಇದೆ.

ಯಾರ ಕೈಲಿ ಕೇಳಿಸ್ಬೇಕು ಅನ್ನೋದೂ ಮುಖ್ಯ. ನಿಮ್ಮ ಎಮ್ಮೆಲ್ಲೆ ಮಂತ್ರಿ ಆಗಿದ್ರೆ ಅವ್ರು ಪ್ರಶ್ನೆ ಕೇಳಂಗಿಲ್ಲ, ಉತ್ತರ ಕೊಡೋ ಸಾಲಲ್ಲಿ ಕೂತಿರ್ತಾರೆ. ಆಡಳಿತ ಪಕ್ಷದವರಾಗಿದ್ರೆ ಸ್ವಲ್ಪ ಮುಜುಗರ ಪಡ್ತಾರೆ, ಆದ್ರೂ ಕೇಳೋರಿದ್ದಾರೆ, ಪ್ರಯತ್ನ ಬಿಡ್ಬೇಡಿ. ಅವ್ರು ಆಗಲ್ಲ ಅಂದ್ರೆ ವಿಧಾನ ಪರಿಷತ್ತು ಇದೆ. ಅಲ್ಲಿ 75 ಸದಸ್ಯರು, ಪದವೀಧರರಿಂದ, ಶಿಕ್ಷಕರಿಂದ, ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದೋರು ನಿಮ್ಮ ಜಿಲ್ಲೆಗೂ ಇದ್ದೇ ಇರ್ತಾರೆ. ನೀರಿನ ಘಟಕದ ವಿಷಯಕ್ಕೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಎಂಎಲ್‌ಸಿ (ಪರಿಷತ್ ಸದಸ್ಯರು) ಹತ್ರ ಹೋಗೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಅವ್ರಿಗೆ ವೋಟ್ ಹಾಕೋರಲ್ಲಿ ಹೆಚ್ಚಿನವರು ಪಂಚಾಯ್ತಿ ಸದಸ್ಯರೇ.

ಟೈಮಿಂಗ್ ಬಗ್ಗೆ ಹೇಳ್ಲೇಬೇಕು. ಸಂವಿಧಾನದ 174ನೇ ವಿಧಿ ಪ್ರಕಾರ ಎರಡು ಅಧಿವೇಶನದ ನಡುವೆ ಆರು ತಿಂಗಳಿಗಿಂತ ಜಾಸ್ತಿ ಗ್ಯಾಪ್ ಇರಂಗಿಲ್ಲ. ಬಜೆಟ್ ಅಧಿವೇಶನ, ಮಳೆಗಾಲದ್ದು, ಡಿಸೆಂಬರ್ ಹೊತ್ತಿಗೆ ಬೆಳಗಾವಿ ಸುವರ್ಣಸೌಧದ್ದು, ಸಾಮಾನ್ಯವಾಗಿ ಹೀಗೆ ನಡೆಯುತ್ತೆ. ಪ್ರಶ್ನೆಗಳನ್ನ ಸಾಕಷ್ಟು ದಿನ ಮುಂಚೇನೇ ಆಯಾ ಸದನದ ಸಚಿವಾಲಯಕ್ಕೆ ಕೊಟ್ಟಿರ್ಬೇಕು, ಅಧಿವೇಶನ ಶುರುವಾದ್ಮೇಲೆ ಓಡಿ ಹೋದ್ರೆ ಪ್ರಯೋಜನ ಇಲ್ಲ, ದಿನಾಂಕ ಪೇಪರಲ್ಲಿ ಬಂದ ವಾರದಲ್ಲೇ ಪಿಎ ಹತ್ರ ಟೈಮ್ ತಗೊಂಡು ನಾಲ್ಕೈದು ಜನ ಹೋಗಿ. ಮದುವೆ ಮನೇಲಿ, ಜಾತ್ರೇಲಿ ಸಿಕ್ಕಾಗ ಕೈಗೆ ಕೊಟ್ಟ ಕಾಗದ ಕಾರಲ್ಲೇ ಉಳ್ಕೊಳ್ಳುತ್ತೆ.

ಪ್ರಶ್ನೆನ ನೀವೇ ಬರ್ಕೊಂಡು ಹೋಗಿ, ಸದನದ ಭಾಷೆಯಲ್ಲೇ, ಹಾಗೆ ಬರೆದ್ರೆ ಪಿಎ ಹೆಚ್ಚುಕಮ್ಮಿ ಹಾಗೇ ಟೈಪ್ ಮಾಡಿಸಿ ಕಳಿಸ್ತಾರೆ. ಹೆಂಗಂದ್ರೆ: "(ಅ) ಇಂಥ ತಾಲ್ಲೂಕಿನಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು, ಅವುಗಳ ಪೈಕಿ ಸ್ಥಗಿತಗೊಂಡಿರುವುದು ಎಷ್ಟು, ಎಂದಿನಿಂದ (ಗ್ರಾಮವಾರು ಮಾಹಿತಿ ನೀಡುವುದು), (ಆ) ಇವುಗಳ ನಿರ್ವಹಣೆಗೆ ಕಳೆದ ಮೂರು ವರ್ಷಗಳಲ್ಲಿ ಬಿಡುಗಡೆಯಾದ ಹಾಗೂ ವೆಚ್ಚವಾದ ಅನುದಾನವೆಷ್ಟು (ವರ್ಷವಾರು ಮಾಹಿತಿ ನೀಡುವುದು), (ಇ) ಸ್ಥಗಿತಗೊಂಡಿರುವ ಘಟಕಗಳನ್ನು ಯಾವ ಕಾಲಮಿತಿಯೊಳಗೆ ದುರಸ್ತಿಗೊಳಿಸಲಾಗುವುದು?" ಬರೀ "ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಕೇಳಿ ನಿಲ್ಲಿಸ್ಬೇಡಿ, "ಬಂದಿದೆ" ಅಂತ ಒಂದೇ ಪದದ ಉತ್ತರ ಬರುತ್ತೆ. ಎಷ್ಟು, ಯಾವಾಗ, ಯಾರು, ಯಾವ ತಾರೀಖಿನೊಳಗೆ, ಇವೇ ಕೆಲಸ ಮಾಡೋ ಪದಗಳು. ಸಿಟ್ಟಿದ್ರೂ "ಅಧಿಕಾರಿಗಳ ಬೇಜವಾಬ್ದಾರಿ" ಥರದ ಮಾತು ಹಾಕ್ಬೇಡಿ, ಪ್ರಶ್ನೆನೇ ತಿರಸ್ಕಾರ ಆಗ್ಬಹುದು.

ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಮಂತ್ರಿ ಎದ್ದು ನಿಂತು ಉತ್ತರ ಹೇಳ್ಬೇಕು, ಶಾಸಕರು ಅಲ್ಲೇ ಉಪಪ್ರಶ್ನೆ ಹಾಕ್ಬಹುದು, ಆದ್ರೆ ದಿನಕ್ಕೆ ಕೆಲವೇ ಪ್ರಶ್ನೆಗಳಿಗೆ ಆ ಅವಕಾಶ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಎಲ್ರೂ ಟಿವೀಲಿ ಬರೋ ಚುಕ್ಕೆ ಪ್ರಶ್ನೆನೇ ಬೇಕು ಅಂತಾರೆ, ನನಗೆ ಮಾತ್ರ ನಮ್ಮೂರಿನ ವಿಷಯಕ್ಕೆ ಚುಕ್ಕೆ ಇಲ್ಲದ್ದೇ ವಾಸಿ ಅನ್ಸುತ್ತೆ, ಗ್ರಾಮವಾರು ಪಟ್ಟಿ ಅನುಬಂಧದಲ್ಲಿ ಬರುತ್ತೆ, ಮಂತ್ರಿ ಸಹಿ ಇರುತ್ತೆ, ಅದನ್ನ ಹಿಡ್ಕೊಂಡು ಊರಲ್ಲಿ ಒಂದೊಂದೇ ಘಟಕ ಹೋಗಿ ನೋಡ್ಬಹುದು. ತೀರಾ ತುರ್ತಾಗಿದ್ರೆ ಶೂನ್ಯವೇಳೆ ಇದೆ, ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ವಿಷಯ ಸದನದ ಗಮನಕ್ಕೆ ತರೋಕೆ ನಿಯಮ 351 ಇದೆ, ದೊಡ್ಡ ವಿಷಯ ಆದ್ರೆ ನಿಯಮ 69ರ ಚರ್ಚೆ.

ಉತ್ತರ ಬಂದ್ಮೇಲೆ ಮುಗೀತು ಅಂದ್ಕೊಳ್ಬೇಡಿ, ನಿಜವಾದ ಕೆಲಸ ಇಲ್ಲಿಂದ. ವಿಧಾನಸಭೆ ವೆಬ್‌ಸೈಟಲ್ಲಿ ಪ್ರಶ್ನೋತ್ತರಗಳನ್ನ ಹಾಕ್ತಾರೆ, ಇಲ್ಲಾಂದ್ರೆ ಪಿಎ ಹತ್ರ ಕಾಪಿ ಕೇಳಿ. "ಪರಿಶೀಲನೆಯಲ್ಲಿದೆ", "ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು", "ಉದ್ಭವಿಸುವುದಿಲ್ಲ" ಈ ಮೂರು ಸಾಲು ಕಂಡ ಕಡೆ ಪೆನ್ನಲ್ಲಿ ಗುರುತು ಹಾಕಿ, ಮುಂದಿನ ಅಧಿವೇಶನದ ಪ್ರಶ್ನೆ ಅಲ್ಲಿಂದಲೇ ಶುರು. ಕೆಟ್ಟು ನಿಂತಿರೋ ಘಟಕನ ಚಾಲನೆಯಲ್ಲಿದೆ ಅಂತ ಬರೆದಿದ್ರೆ ತಾರೀಖಿರೋ ಫೋಟೋ ಜೊತೆ ಶಾಸಕರಿಗೆ ಲಿಖಿತವಾಗಿ ಕೊಡಿ, ಸದನಕ್ಕೆ ಸುಳ್ಳು ಮಾಹಿತಿ ಹೋಗಿದೆ ಅನ್ನೋದನ್ನ ಅಧಿಕಾರಿಗಳು ಹಗುರವಾಗಿ ತಗೊಳ್ಳಲ್ಲ. ಮಂತ್ರಿ "ಮಾಡಿಸ್ತೀವಿ" ಅಂತ ಸದನದಲ್ಲಿ ಹೇಳಿದ್ರೆ ಅದು ಭರವಸೆ, ಅದನ್ನ ಬೆನ್ನು ಹತ್ತೋಕೆ ಅಂತಾನೇ ಸರ್ಕಾರಿ ಭರವಸೆಗಳ ಸಮಿತಿ ಇದೆ.

ಸಮಿತಿ ಅಂದ್ರೆ ಟೀ ಬಿಸ್ಕತ್ ಅಂತ ತಳ್ಳಿ ಹಾಕ್ಬೇಡಿ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿ ಬಗ್ಗೆ ಆಗ ಅರಕಲಗೂಡು ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅವ್ರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ಕೊಟ್ಟ ವರದಿಯನ್ನ ಇವತ್ತಿಗೂ ಕೆರೆ, ಗೋಮಾಳ ಉಳಿಸೋಕೆ ಹೋರಾಡೋರು ಕೈಯಲ್ಲಿ ಹಿಡ್ಕೊಂಡೇ ಮಾತಾಡ್ತಾರೆ. ಒಬ್ಬ ಶಾಸಕ ಪಟ್ಟು ಹಿಡಿದ್ರೆ ಎಷ್ಟು ದೂರ ಹೋಗ್ಬಹುದು ಅಂತ ತಿಳ್ಕೊಳ್ಳೋಕೆ ಆ ಕಥೆ ಓದಿ.

ಅಧಿವೇಶನ ಇಲ್ಲದ ತಿಂಗಳಲ್ಲಿ ತಾಲ್ಲೂಕು ಕೆಡಿಪಿ ಸಭೆ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನಾ ಸಭೆ) ಇದೆ, ಅಧ್ಯಕ್ಷರು ನಿಮ್ಮ ಎಮ್ಮೆಲ್ಲೆನೇ, ಇಲಾಖೆ ಅಧಿಕಾರಿಗಳು ಎದುರಿಗೇ ಕೂತಿರ್ತಾರೆ. ಸಭೆಗೆ ಎರಡ್ಮೂರು ದಿನ ಮುಂಚೆ ಸದನದ ಉತ್ತರದ ಕಾಪಿ, ನಿಮ್ಮ ಫೋಟೋ, ಪಂಚಾಯ್ತಿ ಸ್ವೀಕೃತಿ ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಶಾಸಕರಿಗೆ ಕೊಡಿ, ಒಂದು ಕಾಪಿ ತಾಲ್ಲೂಕು ಪಂಚಾಯ್ತಿ ಇಓಗೂ (ಕಾರ್ಯನಿರ್ವಾಹಕ ಅಧಿಕಾರಿಗೂ) ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಸಭೆ ಆದ್ಮೇಲೆ ನಡವಳಿ ಕಾಪಿ ಕೇಳಿ, ಕೊಡ್ಲಿಲ್ಲ ಅಂದ್ರೆ ಅದಕ್ಕೂ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ.