ತೀರಿಕೊಂಡವರ ಮೊಬೈಲ್ ಸಂಖ್ಯೆಯನ್ನು ಕೂಡಲೇ ನಿಲ್ಲಿಸಬೇಡಿ
ಮನೆಯವರು ತೀರಿಕೊಂಡಾಗ, ಇನ್ನು ರೀಚಾರ್ಜ್ ಏಕೆಂದು ಅವರ ಮೊಬೈಲ್ ಸಂಖ್ಯೆಯನ್ನು ಬಿಟ್ಟುಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ತಂದೆಯವರು ಹೋದ ಮೇಲೆ ವಿಮೆಯ ಕಂತು, ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್ ಕುರಿತ ಸಂದೇಶಗಳು ಅವರ ಹಳೆಯ ಫೋನಿಗೇ ಬರುತ್ತಿದ್ದವು. ಯಾವ ಖಾತೆ ಎಲ್ಲಿದೆಯೆಂದು ನಮಗೆ ತಿಳಿದದ್ದೇ ಅವುಗಳಿಂದ. 90 ದಿನ ಬಳಸದಿದ್ದರೆ ಸಂಖ್ಯೆ ರದ್ದಾಗಬಹುದು, ಆದ್ದರಿಂದ ಮರಣ ಪ್ರಮಾಣಪತ್ರ ಕೊಟ್ಟು ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು. ಆದರೆ ಆ ಫೋನಿಗೆ ಬರುವ ಒಟಿಪಿಯಿಂದ ಬ್ಯಾಂಕಿನ ಹಣ ತೆಗೆಯುವುದು ಖಂಡಿತ ಸಲ್ಲದು. ನಾಮಿನಿ ಅಥವಾ ವಾರಸುದಾರರು ಬ್ಯಾಂಕಿಗೇ ಅರ್ಜಿ ಕೊಡಬೇಕು.

ಫೇಸ್‌ಬುಕ್ ಖಾತೆಯನ್ನು ಸ್ಮರಣಾರ್ಥವಾಗಿ ಉಳಿಸಿಕೊಳ್ಳಲೂಬಹುದು, ತೆಗೆಸಲೂಬಹುದು. ಗೂಗಲ್ ಮಾತ್ರ ಕುಟುಂಬದವರಿಗೂ ಪಾಸ್‌ವರ್ಡ್ ಕೊಡುವುದಿಲ್ಲ, ಮತ್ತು 2 ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಫೋಟೋಗಳ ಸಮೇತ ಅಳಿಸಿಹಾಕಬಹುದು. ಅಮ್ಮನ ಜೊತೆ ಅಪ್ಪ ತೆಗೆಸಿಕೊಂಡ ಕೊನೆಯ ಚಿತ್ರ ಅಲ್ಲಿಯೇ ಇರಬಹುದಲ್ಲವೇ? ಹಿರಿಯರು ನಮ್ಮೊಡನಿರುವಾಗಲೇ ಅವರ ಪಕ್ಕದಲ್ಲಿ ಕುಳಿತು, ಖಾತೆ ಬಹುಕಾಲ ಬಳಕೆಯಾಗದಿದ್ದರೆ ಅದರಲ್ಲಿರುವುದು ಯಾರಿಗೆ ಸಿಗಬೇಕೆಂದು ಮೊದಲೇ ತಿಳಿಸಿಡುವ ಗೂಗಲ್‌ನ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ತೆರೆದು, ಅವರು ಒಪ್ಪುವ ನಂಬಿಕಸ್ಥರ ಹೆಸರನ್ನು ಸೇರಿಸಿಡಿ. ಗರಿಷ್ಠ 10 ಮಂದಿಗೆ ಅವಕಾಶವಿದೆ.